ಆಟೋಮ್ಯಾಟಿಕ್ ಕಟರ್‌ನಲ್ಲಿ ಡ್ರಿಲ್ ತೂತು ಪಕ್ಕಕ್ಕೆ ಸರಿಯುತ್ತಿದ್ದರೆ

ನಮ್ಮ ಬಟ್ಟೆ ಕತ್ತರಿಸುವ ಯಂತ್ರದಲ್ಲಿ, ಪಾಲಿಯೆಸ್ಟರ್ ಶರ್ಟ್ ಬಟ್ಟೆಯ ಲೇಯಲ್ಲಿ (ಒಂದರ ಮೇಲೊಂದು ಹಾಸಿದ ಪದರಗಳಲ್ಲಿ) ಪಾಕೆಟ್ ಗುರುತಿನ ತೂತು ಮೇಲಿನ ಪದರದಲ್ಲಿ ಸರಿಯಾಗಿ ಬೀಳುತ್ತಿತ್ತು, ಕೆಳಗಿನ ಪದರಗಳಲ್ಲಿ ಸುಮಾರು 3 ಮಿ.ಮೀ. ಪಕ್ಕಕ್ಕೆ. ಡ್ರಿಲ್‌ನ ಬಿಟ್ (ತೂತು ಕೊರೆಯುವ ಮೊನೆ) ಬದಲಿಸಿದ ದಿನ ಮೇಲಿನದೂ ತಪ್ಪುತ್ತಿತ್ತು. ತೂತಿನ ಅಂಚು ಕರಗಿ ಪದರಗಳು ಅಂಟಿಕೊಳ್ಳುತ್ತಿದ್ದವು.

ಹೊಸ ಬಿಟ್ ಹಾಕಿದೆವು, ಬಟ್ಟೆಯನ್ನು ಟೇಬಲ್‌ಗೆ ಹಿಡಿದಿಡುವ ವ್ಯಾಕ್ಯೂಮ್ (ಗಾಳಿಯ ಎಳೆತ) ಜಾಸ್ತಿ ಮಾಡಿದೆವು, ಲೇ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಬದಲಿಸಿದೆವು. ಉಪಯೋಗ ಆಗಲಿಲ್ಲ. ಪದರ ಕಡಿಮೆ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಸುಮ್ನೆ ಉತ್ಪಾದನೆ ಬೀಳುತ್ತದೆ ಅಲ್ವಾ?

ಸರಿಹೋಗಿದ್ದು ಕ್ರಮ ಬದಲಿಸಿದಾಗ. ಯಂತ್ರ ಒಂದೊಂದು ತುಂಡಿಗೂ ತೂತು ಹಾಕಿ, ಕತ್ತರಿಸಿ, ಮುಂದಿನದಕ್ಕೆ ಹೋಗುತ್ತಿತ್ತು. ಕತ್ತರಿಸಿದ ಸೀಳಿನಿಂದ ಗಾಳಿ ನುಗ್ಗಿ ವ್ಯಾಕ್ಯೂಮ್ ಹಿಡಿತ ಸಡಿಲವಾಗುತ್ತದೆ, ಆಮೇಲೆ ಪಕ್ಕದ ತುಂಡಿಗೆ ಡ್ರಿಲ್ ಇಳಿದಾಗ ಪದರಗಳು ಜರುಗುತ್ತವೆ. ಈಗ ಟೇಬಲ್ ಮೇಲೆ ಒಂದು ಸಲಕ್ಕೆ ಬರುವ ಭಾಗದ ಎಲ್ಲಾ ತೂತುಗಳು ಮೊದಲು, ಆಮೇಲೆ ನಾಚ್ (ಅಂಚಿನ ಸಣ್ಣ ಗುರುತಿನ ಕಚ್ಚು) ಮತ್ತು ಒಳಗಿನ ಸೀಳು, ಕೊನೆಗೆ ಹೊರ ಅಂಚು.

ಬಿಟ್ ಬದಲಿಸಿದ ಮೇಲೆ ಪ್ರತಿ ಸಲ ಇದನ್ನು ಮಾಡಿ. ಮೊದಲು ಹೋಲ್ಡರ್ ಒಳಗಿನ ನೂಲಿನ ಧೂಳು ಒರೆಸಿ, ಅದು ಉಳಿದರೆ ಬಿಟ್ ಓರೆಯಾಗಿ ಕೂರುತ್ತದೆ. ಬಿಗಿ ಮಾಡಿ, ಆಳದ ಸೊನ್ನೆ (ಡ್ರಿಲ್ ಇಳಿಯುವ ಆಳ ಅಳೆಯಲು ಶುರುವಾಗುವ ಬಿಂದು) ಹೊಂದಿಸಿ. ದಪ್ಪ ಕಾಗದದಲ್ಲಿ ಚಾಕುವಿನಿಂದ 50 ಮಿ.ಮೀ. ಪ್ಲಸ್ ಗುರುತು ಕತ್ತರಿಸಿ, ಅದರ ನಡುವಿಗೇ ಡ್ರಿಲ್ ಕಳಿಸಿ, ವ್ಯತ್ಯಾಸ ಅಳೆದು ಡ್ರಿಲ್‌ನ ಎಕ್ಸ್, ವೈ ಆಫ್‌ಸೆಟ್‌ನಲ್ಲಿ (ಯಂತ್ರದಲ್ಲಿ ಸ್ಥಾನ ಸರಿಪಡಿಸುವ ಅಂಕಿಗಳಲ್ಲಿ) ತಿದ್ದಿ. ಚಾಕುವಿನ ಆಫ್‌ಸೆಟ್ ಮುಟ್ಟಬೇಡಿ. 0.5 ಮಿ.ಮೀ. ಒಳಗೆ ಬರುವವರೆಗೆ ಮತ್ತೆ ಹಾಕಿ ನೋಡಿ.

ತೂತಿನ ಅಂಚು ಕರಗದಿರಲು: ಚೂಪಾದ ಟೊಳ್ಳು ಬಿಟ್, ವೇಗ 6000 ಆರ್‌ಪಿಎಂನಿಂದ 3000ಕ್ಕೆ, ತಳದಲ್ಲಿ ನಿಲ್ಲುವ ಸಮಯ 0.