ಸ್ನೇರ್‌ಗೆ ಅಂಟಿದ ಟ್ಯಾಂಬೊರಿನ್

ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದಷ್ಟೂ ನನ್ನ ಕಿವಿ ಡ್ರಮ್ಸ್‌ಗಿಂತ ಅದರ ಬೆನ್ನಿಗಿರುವ ಸಣ್ಣ ಸದ್ದುಗಳ ಕಡೆಗೇ ಹೋಗುತ್ತದೆ. ಡೆಟ್ರಾಯಿಟ್‌ನ ಅದರ ಸ್ಟುಡಿಯೋದಲ್ಲಿ ಫಂಕ್ ಬ್ರದರ್ಸ್ ಎಂಬ ವಾದ್ಯ ತಂಡದ ಜ್ಯಾಕ್ ಆ್ಯಶ್‌ಫರ್ಡ್ ಟ್ಯಾಂಬೊರಿನ್ (ಅಂಚಿಗೆ ಲೋಹದ ಬಿಲ್ಲೆಗಳಿರುವ ಕೈವಾದ್ಯ) ಹಿಡಿದರೆ, ಡ್ರಮ್ಸ್‌ನಲ್ಲಿ ಚುರುಕು ಸದ್ದು ಕೊಡುವ ಸ್ನೇರ್‌ನ ಏಟಿಗೆ ಹೊಳಪು ಬರುತ್ತಿತ್ತು. 1964ರ 'ವೇರ್ ಡಿಡ್ ಅವರ್ ಲವ್ ಗೋ' ಶುರುವಾಗುವುದೇ ಮರದ ಹಲಗೆಯ ಮೇಲೆ ಕಾಲು ತುಳಿದ ಸದ್ದಿನಿಂದ. ಮರುವರ್ಷದ 'ನೋವೇರ್ ಟು ರನ್'ನಲ್ಲಂತೂ ಹಿಮದಲ್ಲಿ ಕಾರಿನ ಚಕ್ರಕ್ಕೆ ಸುತ್ತುವ ಸರಪಳಿಯನ್ನೇ ತಾಳಕ್ಕೆ ಬಳಸಿದ್ದಾರೆ.

ಗೆಳೆಯರೊಬ್ಬರ ಸೋಲ್ (soul) ಶೈಲಿಯ ಹಾಡನ್ನು ಮಿಕ್ಸ್ ಮಾಡುವಾಗ, ಅಂದರೆ ರೆಕಾರ್ಡ್ ಆದ ಸದ್ದುಗಳನ್ನು ಹದವಾಗಿ ಬೆರೆಸುವಾಗ, ಸ್ನೇರ್ ತೀರಾ ಒಣಒಣ ಅನ್ನಿಸುತ್ತಿತ್ತು. ರಿವರ್ಬ್ (ಕೋಣೆಯ ಅನುರಣನದ ಎಫೆಕ್ಟ್) ಏರಿಸಿದರೆ ಹಿಂದಕ್ಕೆ ಸರಿದುಬಿಡುತ್ತಿತ್ತು. ಎರಡು ಮತ್ತು ನಾಲ್ಕನೇ ಎಣಿಕೆಗೆ ಟ್ಯಾಂಬೊರಿನ್ ನುಡಿಸೋಣ ಎಂದೆ.

ಮೈಕನ್ನು ಐದಾರು ಅಡಿ ದೂರ ಇಟ್ಟೆ. ಹತ್ತಿರ ಇಟ್ಟರೆ ಬಿಲ್ಲೆಗಳ ಚೂಪು ಸದ್ದು ಗಾಯಕಿಯ ಸಕಾರ ಶಕಾರಗಳ ಜೊತೆ ಜಗಳಕ್ಕೆ ನಿಲ್ಲುತ್ತದೆ. ದೂರವಿದ್ದರೆ ಕೋಣೆಯ ಗಾಳಿಯೂ ಸ್ವಲ್ಪ ಸೇರಿಕೊಳ್ಳುತ್ತದೆ. ನಾಲ್ಕು ಬಾರ್ (ತಾಳದ ಆವರ್ತ) ನುಡಿಸಿ ಅದನ್ನೇ ಮತ್ತೆ ಮತ್ತೆ ಲೂಪ್ ಮಾಡುವುದು ನನಗೆ ಇಷ್ಟವಿಲ್ಲ. ಹಾಡು ಮುಗಿಯುವವರೆಗೂ ನಿಂತು ನುಡಿಸಿದೆ. ಚರಣದಲ್ಲಿ ಅಂಗೈ ಬುಡದಿಂದ ಮೆಲ್ಲಗೆ ತಟ್ಟಿದ್ದು, ಪಲ್ಲವಿಗೆ ಬರುವಾಗ ತಾನಾಗಿಯೇ ಮಣಿಕಟ್ಟು ಬಿಚ್ಚಿಕೊಂಡು ಜೋರಾಯಿತು. ಆ ಏರಿಳಿತವನ್ನು ಮೌಸ್ ಹಿಡಿದು ಬರೆಯಲು ಆಗುವುದಿಲ್ಲ.

ಏಟುಗಳು ಸ್ನೇರ್‌ಗಿಂತ ಕೂದಲೆಳೆಯಷ್ಟು ತಡವಾಗಿ ಬಿದ್ದಿದ್ದವು. ಸಾಫ್ಟ್‌ವೇರ್ ತೋರಿಸುವ ತಾಳದ ಗೆರೆಗಳಿಗೆ (ಗ್ರಿಡ್‌ಗೆ) ಎಳೆದು ಕೂರಿಸದೆ ಹಾಗೇ ಬಿಟ್ಟೆ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ 1965ರಲ್ಲಿ 'ಇನ್ ದಿ ಮಿಡ್‌ನೈಟ್ ಅವರ್' ರೆಕಾರ್ಡ್ ಆದಾಗ ಡ್ರಮ್ಮರ್ ಅಲ್ ಜ್ಯಾಕ್ಸನ್ ಜೂನಿಯರ್, ಗಿಟಾರ್‌ನ ಸ್ಟೀವ್ ಕ್ರಾಪರ್ ಇಬ್ಬರೂ ಎರಡು-ನಾಲ್ಕನ್ನು ಬೇಕೆಂದೇ ತುಸು ಹಿಂದೆ ಎಳೆದಿದ್ದರು. ಆ ಹಾಡಿನ ಗತ್ತೆಲ್ಲ ಅಲ್ಲಿದೆ.

ಮಿಕ್ಸ್‌ನಲ್ಲಿ ಮಾಡಿದ್ದು ಕಡಿಮೆ. 400 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದೆ, 8 ಕಿಲೋಹರ್ಟ್ಸ್ ಆಸುಪಾಸು ಕೊಂಚ ತಗ್ಗಿಸಿದೆ, ಸ್ನೇರ್ ಹೋಗುತ್ತಿದ್ದ ರಿವರ್ಬ್‌ಗೇ ಕಳಿಸಿದೆ. ಬೇರೆ ರಿವರ್ಬ್ ಕೊಟ್ಟರೆ ಎರಡೂ ಬೇರೆ ಬೇರೆ ಕೋಣೆಯಲ್ಲಿ ಕೂತ ಹಾಗಿರುತ್ತದೆ. ಇನ್ನು ಫೇಡರ್ (ಸದ್ದಿನ ಮಟ್ಟ ಏರಿಸಿ ಇಳಿಸುವ ಜಾರುಗುಂಡಿ): ಟ್ಯಾಂಬೊರಿನ್ ಸ್ಪಷ್ಟವಾಗಿ ಕೇಳುವವರೆಗೂ ಏರಿಸಿ, ಬೇರೆ ವಾದ್ಯ ಅಂತ ಗುರುತು ಸಿಗದಷ್ಟು ಇಳಿಸುತ್ತೇನೆ. ಆಮೇಲೆ ಮ್ಯೂಟ್ ಒತ್ತಿ ನೋಡುತ್ತೇನೆ. ಸ್ನೇರ್ ಬಡವಾಯಿತು ಅನ್ನಿಸಿದರೆ ಮಟ್ಟ ಸರಿಯಿದೆ ಎಂದೇ ಅರ್ಥ.

ಎರಡನೇ ಚರಣಕ್ಕೆ ಕಾಂಗಾ (ಕೈಯಿಂದ ಬಾರಿಸುವ ಎತ್ತರದ ಡ್ರಮ್) ಸೇರಿಸಿದೆವು. ಮಾರ್ವಿನ್ ಗೇ ಅವರ 1971ರ 'ವಾಟ್ಸ್ ಗೋಯಿಂಗ್ ಆನ್'ನಲ್ಲಿ ಎಡ್ಡಿ ಬ್ರೌನ್ ನುಡಿಸಿದ್ದನ್ನು ಕೇಳಿದವರಿಗೆ ಈ ಆಸೆ ಬಿಡುವುದಿಲ್ಲ. ಬೇಸ್‌ಗೆ ಅಡ್ಡ ಬರದಂತೆ ಕಾಂಗಾದ ತಳ ಕತ್ತರಿಸಿ, ಎಡಕ್ಕೆ ಸರಿಸಿದೆ.

ಕೊನೆಗೆ ಎಲ್ಲವನ್ನೂ ಮೊನೋ ಮಾಡಿ (ಎಡ-ಬಲದ ಸದ್ದನ್ನು ಒಂದಾಗಿಸಿ) ಫೋನಿನ ಸ್ಪೀಕರ್‌ನಲ್ಲಿ ಕೇಳಿದೆ. ಅಲ್ಲಿ ಬೇಸ್ ಕರಗಿ ಬಿಲ್ಲೆಗಳು ಮುಂದೆ ಬರುತ್ತವೆ. ಟ್ಯಾಂಬೊರಿನ್ ಅನ್ನು ಇನ್ನೊಂದು ಡೆಸಿಬೆಲ್ ಇಳಿಸಿ ಮಿಕ್ಸ್ ಕಳಿಸಿಕೊಟ್ಟೆ.