ಔಟ್‌ಲುಕ್‌ನ ವೋಟಿಂಗ್ ಬಟನ್ ಮತ್ತು ನಮ್ಮ ರಾಜ್ಯೋತ್ಸವದ ಊಟ

ನಮ್ಮ ಆಫೀಸು ಪುಣೆಯ ಹಿಂಜವಡಿಯಲ್ಲಿದೆ. ಅಲ್ಲಿ ನನ್ನನ್ನೂ ಸೇರಿಸಿ 35 ಮಂದಿ ಕನ್ನಡದವರಿದ್ದೇವೆ. ಹೆಚ್ಚಿನವರು ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯವರು. ಉಳಿದವರು ನನ್ನ ಹಾಗೆ ಮೈಸೂರು, ಹಾಸನದವರು. ನಾಲ್ಕೈದು ಜನ ಮಂಗಳೂರಿನವರೂ ಇದ್ದಾರೆ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಒಂದು ಊಟ, ನಾಲ್ಕು ಹಾಡು ಇಟ್ಟುಕೊಳ್ಳುತ್ತೇವೆ. ದಿನ ಗೊತ್ತು ಮಾಡುವ ಕೆಲಸ ನನ್ನದು.

2024ರಲ್ಲಿ ನವೆಂಬರ್ 1 ದೀಪಾವಳಿಯ ನಡುವೆಯೇ ಬಂತು. ಅರ್ಧ ಜನ ಊರಲ್ಲಿರುತ್ತಾರೆ. 20ಕ್ಕೆ ಮಹಾರಾಷ್ಟ್ರ ವಿಧಾನಸಭೆಯ ಮತದಾನ, ಹಾಗಾಗಿ ಆ ವಾರವೂ ಬೇಡ ಎಂದುಕೊಂಡೆ. "ಯಾವ ದಿನ ಇಟ್ಟುಕೊಳ್ಳೋಣ?" ಎಂದು ಎಲ್ಲರಿಗೂ ಒಂದು ಮೇಲ್ ಹಾಕಿದೆ. ಎರಡು ದಿನದಲ್ಲಿ 41 ಉತ್ತರ ಬಂದವು. ಎಲ್ಲವೂ ರಿಪ್ಲೈ ಆಲ್, ಅಂದರೆ ಎಲ್ಲರಿಗೂ ಕಾಣುವ ಉತ್ತರ. ಆದರೆ ಬರೆದವರು ಆರೇ ಜನ! 16ನೇ ತಾರೀಕು ಶನಿವಾರ ಇರಲಿ, ಮನೆಯವರನ್ನೂ ಕರೆತರಬಹುದು ಎಂದು ಆರೂ ಜನ ಹೇಳಿದರು. ನನಗೂ ಅದೇ ಇಷ್ಟವಿತ್ತು. ಹಾಲ್‌ಗೆ ಅಡ್ವಾನ್ಸ್ ಕೊಡಲು ಹೊರಟಾಗ, ಉಳಿದ 28 ಜನ ಬಾಯಿಯೇ ಬಿಟ್ಟಿಲ್ಲವಲ್ಲ ಅನ್ನಿಸಿತು.

ಆಗ ನೆನಪಾಗಿದ್ದು ನಾವು ಆಫೀಸಿನ ಮೇಲ್‌ಗೆ ಬಳಸುವ ಔಟ್‌ಲುಕ್‌ನ ವೋಟಿಂಗ್ ಬಟನ್. ಮೇಲ್ ಓದಿದವರು ಏನೂ ಟೈಪ್ ಮಾಡದೆ ಒಂದು ಆಯ್ಕೆ ಒತ್ತಿ ಉತ್ತರಿಸಬಹುದು. ನಾನು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಕ್ಲಾಸಿಕ್ ಔಟ್‌ಲುಕ್ ಬಗ್ಗೆ. ಹೊಸ ಮೇಲ್ ತೆರೆದು 'ಆಪ್ಷನ್ಸ್' ಟ್ಯಾಬ್‌ಗೆ ಹೋದರೆ 'ಯೂಸ್ ವೋಟಿಂಗ್ ಬಟನ್ಸ್' ಸಿಗುತ್ತದೆ. ಯೆಸ್-ನೋ, ಅಪ್ರೂವ್-ರಿಜೆಕ್ಟ್ ಅಂಥವು ಅಲ್ಲಿ ತಯಾರಾಗೇ ಇರುತ್ತವೆ. ನಮಗೆ ಬೇಕಾದ್ದನ್ನು ಬರೆಯಲು 'ಕಸ್ಟಮ್' ಒತ್ತಬೇಕು. ಒಂದು ಚಿಕ್ಕ ಕಿಟಕಿ ತೆರೆಯುತ್ತದೆ, ಅದರಲ್ಲಿ ಮೊದಲೇ ತುಂಬಿರುವ ಪದಗಳನ್ನು ಅಳಿಸಿ ನಮ್ಮ ಆಯ್ಕೆಗಳನ್ನು ಬರೆಯಬೇಕು. ಎರಡು ಆಯ್ಕೆಗಳ ನಡುವೆ ಸೆಮಿಕೋಲನ್ (;) ಹಾಕಬೇಕು. ಅಷ್ಟೇ.

ಮೊದಲ ಸಲ ನಾನು ತಪ್ಪು ಮಾಡಿದೆ. ಒಂದು ಮೇಲ್‌ಗೆ ಒಂದೇ ಸಾಲು ಬಟನ್. ಎರಡು ಪ್ರಶ್ನೆ ಕೇಳಲು ಆಗುವುದಿಲ್ಲ. ನಾನು ದಿನ ಮತ್ತು ಊಟ ಎರಡನ್ನೂ ಒಟ್ಟಿಗೆ ಕೇಳಲು ಹೋಗಿ '8-ರೊಟ್ಟಿ', '8-ಬಿಸಿಬೇಳೆಬಾತ್', '16-ರೊಟ್ಟಿ' ಅಂತ ಆರು ಬಟನ್ ಮಾಡಿದೆ. ಸಂಜೆಯವರೆಗೆ ಒಂಬತ್ತು ವೋಟು ಬಂದವು. ಇನ್ನೂ ಕೆಲವರು ಬಟನ್ ಬಿಟ್ಟು "16 ಓಕೆ, ಊಟ ಯಾವುದಾದ್ರೂ ಸರಿ" ಎಂದು ಟೈಪ್ ಮಾಡಿ ಕಳಿಸಿದರು. ಅದು ಲೆಕ್ಕಕ್ಕೆ ಸೇರುವುದಿಲ್ಲ. ಅವರನ್ನು ಏನೂ ಅನ್ನುವಂತಿಲ್ಲ. ಪ್ರಶ್ನೆಯೇ ಗೋಜಲಾಗಿತ್ತು.

ಮರುದಿನ ಬರೀ ದಿನದ ಬಗ್ಗೆ ಹೊಸ ಮೇಲ್ ಮಾಡಿದೆ. ಬಟನ್‌ಗಳು ನಾಲ್ಕೇ: ಶುಕ್ರವಾರ 8, ಶನಿವಾರ 16, ಶುಕ್ರವಾರ 29, ಯಾವುದಾದರೂ ಸರಿ. ಕೊನೆಯದನ್ನು ಇಡಲೇಬೇಕು ಅಂತ ನನ್ನ ಅನಿಸಿಕೆ. ಅದಿಲ್ಲದಿದ್ದರೆ ಯಾವ ದಿನವಾದರೂ ಬರುವವರು ಸುಮ್ನೆ ಒಂದನ್ನು ಒತ್ತುತ್ತಾರೆ. ನಮ್ಮ ಲೆಕ್ಕ ತಪ್ಪುತ್ತದೆ. ಆಯ್ಕೆಗಳನ್ನು ಕನ್ನಡದಲ್ಲೇ ಬರೆದೆ, ಬಟನ್ ಮೇಲೆ ಹಾಗೆಯೇ ಬಂದವು. ಮೊದಲ ವೋಟು ಬಂದಾಗ ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಹೀಗಿತ್ತು: 'ಶುಕ್ರವಾರ 29: ರಾಜ್ಯೋತ್ಸವ ಯಾವ ದಿನ?' ಆಯ್ಕೆ ಮಾಡಿದ್ದು ಸಬ್ಜೆಕ್ಟ್‌ನ ಮುಂದೆ ತಾನಾಗಿ ಸೇರಿಕೊಳ್ಳುತ್ತದೆ. ಆಫೀಸಿನ ಇನ್‌ಬಾಕ್ಸ್‌ನಲ್ಲಿ ಇಂಗ್ಲಿಷ್ ಸಾಲುಗಳ ನಡುವೆ ಅದನ್ನು ನೋಡಿ ತುಂಬಾ ಖುಷಿಯಾಯಿತು.

ಇನ್ನೊಂದು ವಿಷಯ. ಬಟನ್ ಎಲ್ಲಿದೆ ಎಂದು ಜನರಿಗೆ ಕಾಣುವುದಿಲ್ಲ. ಮೇಲ್ ಮೇಲ್ಭಾಗದಲ್ಲಿ, ವೋಟು ಹಾಕಲು ಇಲ್ಲಿ ಕ್ಲಿಕ್ ಮಾಡಿ ಎನ್ನುವ ಸಣ್ಣ ಸಾಲು ಇಂಗ್ಲಿಷ್‌ನಲ್ಲಿ ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಆದ್ದರಿಂದ ಮೇಲ್‌ನ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರೆದೆ: "ಮೇಲಿನ ಸಾಲು ಒತ್ತಿ, ದಿನ ಆರಿಸಿ, ಕಳಿಸಿ. ಟೈಪ್ ಮಾಡಬೇಡಿ. ಬುಧವಾರ ಸಂಜೆ 5ರ ಒಳಗೆ." ಫೋನಿನಲ್ಲಿ ಮೇಲ್ ನೋಡಿದ ಕೆಲವರಿಗೆ ಬಟನ್ ಕಾಣಲೇ ಇಲ್ಲ. ಅವರಿಗೆ ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ ಎಂದು ಹೇಳಬೇಕಾಯಿತು. ಹೊರಗಿನ ಜಿಮೇಲ್ ವಿಳಾಸಗಳಿಗೂ ಇದು ನಡೆಯುವುದಿಲ್ಲ. ಒಂದೇ ಆಫೀಸಿನ ಒಳಗಿದ್ದರೆ ಮಾತ್ರ ಸಲೀಸು. ಹೊರಗಿನವರೂ ಇದ್ದರೆ ಗೂಗಲ್ ಫಾರ್ಮ್ಸ್‌ನ ಲಿಂಕ್ ಕಳಿಸುವುದೇ ಒಳ್ಳೆಯದು.

ಫಲಿತಾಂಶ ನೋಡುವುದು ಕಳಿಸಿದ ಮೇಲ್‌ನಲ್ಲೇ. ಸೆಂಟ್ ಐಟಮ್ಸ್‌ನಲ್ಲಿ ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ 'ಟ್ರ್ಯಾಕಿಂಗ್' ಎಂದು ಕಾಣುತ್ತದೆ. ಒಂದು ವೋಟಾದರೂ ಬಂದ ಮೇಲೆಯೇ ಅದು ಕಾಣಿಸಿಕೊಳ್ಳುವುದು. ಮೊದಲೇ ಹುಡುಕಿ ಗಾಬರಿಯಾಗಬೇಡಿ. ಯಾರು ಏನು ಒತ್ತಿದರು, ಯಾವುದಕ್ಕೆ ಎಷ್ಟು ಎಲ್ಲಾ ಅಲ್ಲಿರುತ್ತದೆ. ಆ ಪಟ್ಟಿಯನ್ನು ಕಾಪಿ ಮಾಡಿ ಎಕ್ಸೆಲ್‌ನಲ್ಲಿ ಪೇಸ್ಟ್ ಮಾಡಬಹುದು. ಆ ಮೇಲ್ ಡಿಲೀಟ್ ಆದರೆ ಲೆಕ್ಕವೂ ಹೋಯಿತು, ಜೋಪಾನ.

ಬುಧವಾರ 5 ಗಂಟೆಗೆ 30 ವೋಟು ಬಂದಿದ್ದವು. ಶುಕ್ರವಾರ 29ಕ್ಕೆ 14, ಶನಿವಾರ 16ಕ್ಕೆ 7, ಶುಕ್ರವಾರ 8ಕ್ಕೆ 4, ಯಾವುದಾದರೂ ಸರಿ ಎಂದವರು 5. 41 ಮೇಲ್‌ಗಳಲ್ಲಿ ಗೆದ್ದಿದ್ದ ಶನಿವಾರ ಇಲ್ಲಿ ಸೋತಿತ್ತು. ವೋಟು ಹಾಕದ ನಾಲ್ವರ ಡೆಸ್ಕಿಗೆ ನಾನೇ ಹೋಗಿ ಕೇಳಿದೆ.

ಜಮಖಂಡಿಯ ಹುಡುಗನೊಬ್ಬ ನಮ್ಮ ಟೀಮಿನಲ್ಲೇ ಇದ್ದಾನೆ. ಮೊದಲ ಮೇಲ್‌ಗೆ ಯಾಕಪ್ಪ ಏನೂ ಬರೆಯಲಿಲ್ಲ ಎಂದು ಚಹಾ ಕುಡಿಯುವಾಗ ಕೇಳಿದೆ. "ಸರ್, ಶುಕ್ರವಾರ ರಾತ್ರಿ ಬಸ್ಸಿಗೆ ನಾವೆಲ್ಲಾ ಊರಿಗೆ ಹೋಗ್ತೀವ್ರಿ. ಶನಿವಾರ ಇಟ್ರ ಹೆಂಗ ಬರೋದು? ಆದ್ರ ಎಲ್ಲಾರೂ ಶನಿವಾರ ಅಂತಿದ್ರು, ನಾ ಒಬ್ಬಾವ ಬ್ಯಾಡ ಅಂತ ಹೆಂಗ ಬರೀಲಿ?" ಎಂದ. ಬಟನ್ ಒತ್ತಿದರೆ ಉತ್ತರ ನನಗೊಬ್ಬನಿಗೇ ಬರುತ್ತದೆ, ಅದಕ್ಕೇ ಅವನು ಧೈರ್ಯವಾಗಿ ಒತ್ತಿದ್ದ. ಪಿಜಿಯಲ್ಲಿರುವ ಹುಡುಗ ಹುಡುಗಿಯರ ಮಾತೇ ನಮಗೆ ಇಷ್ಟು ವರ್ಷ ಕೇಳಿರಲಿಲ್ಲ ಎಂದು ಅವತ್ತು ನನಗೆ ನಿಜವಾಗಿ ಬೇಸರವಾಯಿತು.

ಆದರೂ ಕಳಿಸಿದವನಿಗೆ ಹೆಸರು ಗೊತ್ತಾಗುತ್ತದೆ ಅಲ್ವಾ? ಹಾಗಾಗಿ ತಲಾ ಎಷ್ಟು ದುಡ್ಡು ಹಾಕೋಣ ಎಂದು ಕೇಳಲು ಈ ಬಟನ್ ಬಳಸಲಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಫಾರ್ಮ್ಸ್‌ನಲ್ಲಿ ಹೆಸರು ದಾಖಲಾಗುವ ಆಯ್ಕೆಯನ್ನು ತೆಗೆದು ಲಿಂಕ್ ಕಳಿಸಿದೆ.

ಊಟಕ್ಕೆ ಮತ್ತೊಂದು ವೋಟಿಂಗ್ ಮೇಲ್ ಮಾಡಿದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಗೆದ್ದವು. ಶುಕ್ರವಾರ 29ರ ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲೇ ಊಟವಾಯಿತು. 32 ಜನ ಬಂದರು. ಜಮಖಂಡಿಯ ಹುಡುಗ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬಂದಿದ್ದ, ಸಂಜೆ ಅಲ್ಲಿಂದಲೇ ಬಸ್ಸಿಗೆ ಹೊರಟ.