ದಾವಣಗೆರೆ ಬೇಸಿಗೆಯಲ್ಲಿ ನನ್ನ ಮೊದಲ ಫೊಕಾಚಾ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಮೊದಲ ಸಲ ಇಟಲಿಯ ಬ್ರೆಡ್ ಮಾಡಲು ಹೊರಟೆ. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆ ಅಂತ ಗೊತ್ತಲ್ವಾ? ನಮ್ಮ ಅಡುಗೆಮನೆಯ ಗೋಡೆಗೆ ಪಡುವಣ ಬಿಸಿಲು ಬಡಿಯುತ್ತದೆ. ಆ ದಿನ ಒಳಗೆ 36 ಡಿಗ್ರಿ ಇತ್ತು. ಇದು ಮುಖ್ಯ ಅಂತ ಆಗ ನನಗೆ ಹೊಳೆಯಲಿಲ್ಲ.

ಫೊಕಾಚಾ ಆರಿಸಿಕೊಂಡಿದ್ದು ಅದಕ್ಕೆ ಆಕಾರ ಕೊಡುವ ಕೈಚಳಕ ಬೇಡ ಅಂತ. ತಟ್ಟೆಗೆ ಆಲಿವ್ ಎಣ್ಣೆ ಸುರಿದು, ಹಿಟ್ಟು ಹರಡಿ, ಬೆರಳಲ್ಲಿ ಗುಳಿ ಒತ್ತಿ ಬೇಯಿಸುವುದು. ಇಟಲಿಯ ವಾಯವ್ಯಕ್ಕೆ, ಸಮುದ್ರದ ದಂಡೆಯಲ್ಲಿ ಲಿಗೂರಿಯಾ ಅಂತ ಪ್ರದೇಶ ಇದೆ. ಅಲ್ಲಿನ ದೊಡ್ಡ ಊರು ಜಿನೋವಾ ಈ ಬ್ರೆಡ್‌ಗೆ ಹೆಸರುವಾಸಿ. ಲ್ಯಾಟಿನ್‌ನಲ್ಲಿ ‘ಫೋಕಸ್’ ಅಂದರೆ ಒಲೆ. ಫೊಕಾಚಾ ಅನ್ನುವ ಹೆಸರು ಬಂದಿದ್ದು ಅದರಿಂದಲೇ. ಒಲೆ ರೊಟ್ಟಿ ಅನ್ನಬಹುದು. ದಿನಾ ಜೋಳದ ರೊಟ್ಟಿ ತಟ್ಟುವ ನನಗೆ ಇದು ತಿಳಿದ ಮೇಲೆ ಆ ಬ್ರೆಡ್ ದೂರದ್ದು ಅನ್ನಿಸಲಿಲ್ಲ.

ನಾನು ನೋಡಿದ ವಿಡಿಯೋದಲ್ಲಿ 500 ಗ್ರಾಂ ಹಿಟ್ಟಿಗೆ 400 ಎಂಎಲ್ ನೀರು ಹೇಳಿದ್ದರು. ಕಲಸಿ ಎರಡು ಗಂಟೆ ಬಿಡಿ, ತಟ್ಟೆಗೆ ಹಾಕಿ ಇನ್ನೊಂದು ಗಂಟೆ ಬಿಡಿ ಅಂತಿತ್ತು. ಅಂಗಡಿ ಮೈದಾ ತಂದು ಹಾಗೇ ಮಾಡಿದೆ. ಹಿಟ್ಟು ಮಿರ್ಚಿ ಅದ್ದುವ ಹದಕ್ಕೆ ಬಂತು. ನಲವತ್ತು ನಿಮಿಷಕ್ಕೇ ಎರಡರಷ್ಟು ಉಬ್ಬಿತು. ಖುಷಿಯಾಯಿತು. ಆದರೆ ಎರಡು ಗಂಟೆ ಅಂದಿದ್ದಾರಲ್ಲ ಅಂತ ಮುಟ್ಟದೆ ಬಿಟ್ಟೆ. ಕೊನೆಗೆ ಮುಚ್ಚಳ ತೆಗೆದಾಗ ನಡುವೆ ಕುಸಿದು ಹೋಗಿತ್ತು, ಹೆಂಡದಂಥ ಹುಳಿ ವಾಸನೆ. ಬೇಯಿಸಿದರೆ ಚಪ್ಪಟೆ. ಒಳಗೆ ಅಂಟು, ಮೇಲೆ ಬಿಳಿಚು. ಅರ್ಧ ಗಂಟೆ ಇಟ್ಟರೂ ಕೆಂಪಗಾಗಲಿಲ್ಲ. ತುಂಬಾ ಬೇಜಾರಾಯಿತು.

ಎಡವಿದ್ದು ಎರಡು ಕಡೆ. ಒಂದು ಮೈದಾ. ಬ್ರೆಡ್‌ಗೆಂದೇ ಬರುವ ಹಿಟ್ಟಿನಲ್ಲಿ ಪ್ರೋಟೀನ್ ನೂರಕ್ಕೆ 12–13 ಇರುತ್ತದೆ. ನಮ್ಮ ಸಾಮಾನ್ಯ ಮೈದಾದಲ್ಲಿ ಸುಮಾರು 10. ಈ ಪ್ರೋಟೀನೇ ನೀರಿನ ಜೊತೆ ಸೇರಿ ಗ್ಲುಟೆನ್ ಎಂಬ ಬಲೆ ಹೆಣೆಯುವುದು, ಗಾಳಿಗುಳ್ಳೆಗಳನ್ನು ಹಿಡಿದಿಡುವುದು. ಪ್ರೋಟೀನ್ ಕಡಿಮೆ ಇದ್ದರೆ ಹಿಟ್ಟು ಅಷ್ಟು ನೀರು ತಡೆಯುವುದಿಲ್ಲ. ಇನ್ನೊಂದು ಸೆಖೆ. ತಣ್ಣನೆಯ ಊರಿನ ಅಡುಗೆಮನೆಯಲ್ಲಿ ಎರಡು ಗಂಟೆ ಹಿಡಿಯುವ ಕೆಲಸವನ್ನು ನಮ್ಮ ಸೆಖೆಯಲ್ಲಿ ಹಿಟ್ಟು ಉಬ್ಬಿಸುವ ಈಸ್ಟ್ ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತದೆ. ಆಮೇಲೂ ಬಿಟ್ಟರೆ ಬಲೆ ಹಿಗ್ಗಿ ಸಡಿಲವಾಗುತ್ತದೆ. ಹಿಟ್ಟಿನಲ್ಲಿರುವ ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಬಿಟ್ಟಿರುತ್ತದೆ. ಕೆಂಪಗಾಗಲು ಮತ್ತೇನು ಉಳಿದೀತು?

ಉಪಾಯ ಮನೆಯಲ್ಲೇ ಇತ್ತು. ನಮ್ಮ ಅತ್ತೆ ಬೇಸಿಗೆಯಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ನೀರು ತುಂಬಿದ ಪರಾತದಲ್ಲಿ ಇಟ್ಟು ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾರೆ. “ಇದಕ್ಕೂ ಹಂಗೇ ಮಾಡವ್ವ, ಹಿಟ್ಟು ನೋಡು, ಗಡಿಯಾರ ಯಾಕೆ ನೋಡ್ತೀ” ಅಂದರು.

ಎರಡನೇ ಸಲ 400 ಗ್ರಾಂ ಮೈದಾಕ್ಕೆ 280 ಎಂಎಲ್ ನೀರು ಹಾಕಿದೆ, ಅದೂ ಫ್ರಿಜ್‌ನ ತಣ್ಣೀರು. ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಈಸ್ಟ್ ಬರೀ 2 ಗ್ರಾಂ, ಎರಡು ಚಮಚ ಆಲಿವ್ ಎಣ್ಣೆ. ಚಪಾತಿ ಹಿಟ್ಟಿನ ಹಾಗೆ ನಾದಲಿಲ್ಲ. ಅರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡಿಕೊಂಡು, ಹಿಟ್ಟಿನ ಒಂದು ಅಂಚು ಹಿಡಿದು ಮೇಲಕ್ಕೆ ಎಳೆದು ಮಡಚುವುದು. ಪಾತ್ರೆ ತಿರುಗಿಸಿ ನಾಲ್ಕೂ ಕಡೆ ಹಾಗೇ. ನಡುನಡುವೆ ಪಾತ್ರೆ ಪರಾತದ ನೀರಿನಲ್ಲಿ. ಮೊದಲ ಸಲ ಮಡಚುವಾಗ ಹಿಟ್ಟು ಹರಿಯುತ್ತದೆ. ಮೂರನೇ ಸಲಕ್ಕೆ ಕೈಗೆ ಬಿಗಿ ಗೊತ್ತಾಗುತ್ತದೆ, ಎಳೆದರೆ ರೇಷ್ಮೆಯ ಹಾಗೆ ಬರುತ್ತದೆ. ಆ ಬದಲಾವಣೆ ನನಗೆ ಈಗಲೂ ಬೆರಗು. ನಾಲ್ಕನೇ ಸಲ ಮಡಚಿದ ಮೇಲೆ ಗಾಜಿನ ಡಬ್ಬಿಗೆ ಹಾಕಿ, ಹಿಟ್ಟು ಇದ್ದ ಮಟ್ಟಕ್ಕೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಕಟ್ಟಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ.

ಬೆಳಿಗ್ಗೆ ಬಿಸಿಲೇರುವ ಮೊದಲೇ, ಆರು ಗಂಟೆಗೆ ಹೊರಗೆ ತೆಗೆದೆ. ತಟ್ಟೆಗೆ ಮೂರು ಚಮಚ ಎಣ್ಣೆ ಸುರಿದು ಹಿಟ್ಟನ್ನು ಮೆಲ್ಲಗೆ ಇಳಿಸಿದೆ. ಸುಮಾರು ಒಂದೂಕಾಲು ಗಂಟೆಗೆ ಮೇಲೆ ಗುಳ್ಳೆ ಎದ್ದವು, ತಟ್ಟೆ ಅಲ್ಲಾಡಿಸಿದರೆ ಹಿಟ್ಟು ನಡುಗಿತು. ಆಗ ಬೆರಳಿಗೆ ಎಣ್ಣೆ ಸವರಿ ತಳ ಮುಟ್ಟುವವರೆಗೆ ಗುಳಿ ಒತ್ತಿದೆ.

ಜಿನೋವಾದವರು ಇಲ್ಲಿ ಒಂದು ಕೆಲಸ ಮಾಡುತ್ತಾರೆ. ನೀರಿಗೆ ಉಪ್ಪು ಮತ್ತು ಎಣ್ಣೆ ಕದಡಿ ಗುಳಿಗಳ ಮೇಲೆ ಸುರಿಯುತ್ತಾರೆ. ಅದರ ಹೆಸರು ಸಲಮೋಯಾ. ಬೇಯಿಸುವ ಹಿಟ್ಟಿನ ಮೇಲೆ ನೀರು ಸುರಿಯಲು ನನಗೆ ಕೈ ಬರಲಿಲ್ಲ, ಆದರೂ ಮೂರು ಚಮಚ ಹಾಕಿದೆ. ಗುಳಿಗಳು ಬೆಳ್ಳಗೆ ಮೆತ್ತಗೆ ಉಳಿದು ಉಬ್ಬುಗಳಷ್ಟೇ ಹೊಂಬಣ್ಣಕ್ಕೆ ತಿರುಗಲು ಅದೇ ಕಾರಣ. ದಯವಿಟ್ಟು ಇದನ್ನು ಬಿಡಬೇಡಿ. ಮೇಲೆ ಹಾಕಲು ರೋಸ್‌ಮೇರಿ ಎಂಬ ಘಮದ ಸೊಪ್ಪು ನನಗೆ ಸಿಗಲಿಲ್ಲ. ಈರುಳ್ಳಿ ಫೊಕಾಚಾ ಕೂಡ ಜಿನೋವಾದ್ದೇ ಅಂತ ತಿಳಿದ ಮೇಲೆ ಚಿಂತೆ ಹೋಯಿತು. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಬೆಳೆಯುವ ಈರುಳ್ಳಿಗೆ ಕೊರತೆಯೇ? ತೆಳ್ಳಗೆ ಹೆಚ್ಚಿ ಹರಡಿದೆ.

ಮನೆಯ ಚಿಕ್ಕ ಓವನ್‌ಗಳಲ್ಲಿ ತಳ ಸರಿಯಾಗಿ ಬೇಯುವುದಿಲ್ಲ. ಅದಕ್ಕೆ ಹಿಡಿಕೆ ಇಲ್ಲದ ಕಬ್ಬಿಣದ ದೋಸೆ ಕಾವಲಿಯನ್ನು ಕೆಳಗಿನ ಜಾಲರಿಯ ಮೇಲಿಟ್ಟೆ. 230 ಡಿಗ್ರಿಯಲ್ಲಿ ನಲವತ್ತು ನಿಮಿಷ ಕಾಯಿಸಿ, ಕಾದ ಕಾವಲಿಯ ಮೇಲೆ ತಟ್ಟೆ ಕೂರಿಸಿದೆ. 22 ನಿಮಿಷಕ್ಕೆ ಬೆಂದಿತು. ತಟ್ಟೆಯಿಂದ ತಕ್ಷಣ ಜಾಲರಿಗೆ ಎತ್ತಿಡಬೇಕು, ಇಲ್ಲದಿದ್ದರೆ ಹಬೆಗೆ ತಳ ಮೆತ್ತಗಾಗುತ್ತದೆ. ತಿರುಗಿಸಿ ನೋಡಿದೆ, ತಳ ಬೆಣ್ಣೆ ದೋಸೆಯ ಬಣ್ಣ. ಮುರಿದರೆ ಗರಿಗರಿ ಸದ್ದು, ಒಳಗೆ ದೊಡ್ಡ ಚಿಕ್ಕ ತೂತುಗಳು.

ಉಳಿದ ತುಂಡನ್ನು ಅತ್ತೆ ಮರುದಿನ ಚಹಾದಲ್ಲಿ ಅದ್ದಿ ತಿಂದರು. ಜಿನೋವಾದಲ್ಲೂ ಬೆಳಿಗ್ಗೆ ಇದನ್ನು ಹಾಲು ಹಾಕಿದ ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ.

ಮೂರನೇ ಸಲ 80 ಗ್ರಾಂ ಮೈದಾ ತೆಗೆದು ಅಷ್ಟೇ ಗೋಧಿ ಹಿಟ್ಟು ಸೇರಿಸಿದೆ, ನೀರು 15 ಎಂಎಲ್ ಜಾಸ್ತಿ. ತೌಡಿನಿಂದಾಗಿ ತೂತು ಚಿಕ್ಕದಾಯಿತು. ರುಚಿ ಮಾತ್ರ ನನಗೆ ಅದೇ ಹೆಚ್ಚು ಹಿಡಿಸಿತು.